ವಿಮಲಾಳ ಹೆಸರಿನಲ್ಲಿ ನಾನು ಆಡಿದ ಮಾತು

ಹಲೀನಾಳನ್ನು ಕ್ಯಾರಲ್ಟನ್ನಿನ ಆ ಮನೆಯಿಂದ ಕಳಿಸಿದ್ದು ನಾನು. ವಿಮಲಾ ಕಳಿಸಲಿಲ್ಲ, ಹಲೀನಾ ತಾನಾಗಿ ಹೋಗಲೂ ಇಲ್ಲ — ನಾನು ಕಳಿಸಿದೆ. ವಿಮಲಾಳ ಅಡುಗೆಮನೆಯ ಪಕ್ಕದ ಲಾಂಡ್ರಿ ರೂಮಿನಲ್ಲಿ ನಿಂತು, ವಿಮಲಾಳ ಫೋನಿನಲ್ಲಿ, ವಿಮಲಾಳ ಹೆಸರು ಹೇಳಿಕೊಂಡು, ಎರಡು ವಾಕ್ಯದಲ್ಲಿ ಕಳಿಸಿಬಿಟ್ಟೆ. ಯುದ್ಧದಿಂದ ತಪ್ಪಿಸಿಕೊಂಡು ಬಂದಿದ್ದ, ನನ್ನದೇ ಪ್ರಾಯದ ಹೆಂಗಸನ್ನು — ಚಳಿ ಇನ್ನೂ ಬಿಟ್ಟಿರದ ತಿಂಗಳಲ್ಲಿ. ಮೂರು ವರ್ಷದಿಂದ ಇದು ಗೊತ್ತಿರುವುದು ನನಗೊಬ್ಬಳಿಗೆ.

ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಶುಕ್ರವಾರ ಕ್ಯಾಥೊಲಿಕ್ ಹುಡುಗಿಯರು ಚಾಪೆಲ್‌ಗೆ ಕನ್ಫೆಶನ್‌ಗೆ ಹೋಗುತ್ತಿದ್ದರು. ನಮಗೆ ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳುವ ಆ ಮರದ ಪೆಟ್ಟಿಗೆಯೊಳಗೆ ಪ್ರವೇಶವಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು, ಪರದೆಯ ಕೆಳಗೆ ಕಾಣುತ್ತಿದ್ದ ಅವರ ಬಿಳಿ ಸಾಕ್ಸುಗಳನ್ನು ನೋಡುತ್ತಿದ್ದೆವು. ಹೊರಬಂದವರ ಮುಖ ಎಷ್ಟು ಹಗುರವಾಗಿರುತ್ತಿತ್ತು! ನನಗೆ ಅದಕ್ಕೂ ಹೊಟ್ಟೆಕಿಚ್ಚು. ಆ ಕಿಚ್ಚು ನನ್ನ ಜೊತೆ ಬಹಳ ಹಿಂದಿನಿಂದ ಇದೆ — ಹಲೀನಾ ಬಂದ ಮೇಲೆ ಹುಟ್ಟಿದ್ದಲ್ಲ.

ಮದುವೆಯಾಗಿ ಹ್ಯೂಸ್ಟನ್‌ಗೆ ಬಂದಾಗ ನನಗೆ ಇಪ್ಪತ್ತಾರು. ನನ್ನವರು ಡಾಕ್ಟರು, ದಿನವಿಡೀ ಆಸ್ಪತ್ರೆ. ನಾಲ್ಕು ವರ್ಷದ ಮೇಲೆ ಎದುರಿನ ಅಪಾರ್ಟ್‌ಮೆಂಟಿಗೆ ಧಾರವಾಡದಿಂದ ಒಬ್ಬ ಹೊಸ ಮದುವಣಗಿತ್ತಿ ಬಂದಳು — ವಿಮಲಾ. ಇಂಗ್ಲಿಷ್ ಓದುತ್ತಿದ್ದಳು, ಬರೆಯುತ್ತಿದ್ದಳು, ಆದರೆ ಫೋನ್ ರಿಂಗಾದರೆ ಬೆವರುತ್ತಿದ್ದಳು. ಒಂದು ದಿನ ಕರೆಂಟ್ ಕಂಪನಿಯವರ ಫೋನು. ರಿಸೀವರನ್ನು ಸೆರಗಿನಲ್ಲಿ ಮುಚ್ಚಿ ನನ್ನ ಮುಂದೆ ಹಿಡಿದಳು.

“ಲೀಲಕ್ಕ, ನೀವ ಮಾತಾಡ್ರಿ.”

“ಅವರಿಗೆ ನಿನ್ನ ಜೊತೆ ಮಾತಾಡಬೇಕಂತಲ್ಲೇ.”

“ನಾನs ಅಂತ ಹೇಳ್ರಿ! ಫೋನಿನ್ಯಾಗ ಏನು ಮಾರಿ ಕಾಣಸ್ತದ?”

“ಯೆಸ್, ದಿಸ್ ಈಸ್ ವಿಮಲಾ ಸ್ಪೀಕಿಂಗ್,” ಎಂದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಂದಿನಿಂದ ನಲವತ್ತಾರು ವರ್ಷ ನಾನು ಫೋನಿನಲ್ಲಿ ವಿಮಲಾ. ಡೆಂಟಿಸ್ಟಿಗೆ, ಇನ್ಶೂರೆನ್ಸಿಗೆ, ಅವಳ ಮಗಳ ಸ್ಕೂಲಿಗೆ. ಅವರು ಡ್ಯಾಲಸ್ ಪಕ್ಕದ ಕ್ಯಾರಲ್ಟನ್‌ಗೆ, ನಾವು ಮೂರು ಗಂಟೆ ದೂರದ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆದ ಮೇಲೂ ಅಷ್ಟೆ. ಮಾಡಬೇಕಾದ ಫೋನುಗಳನ್ನೆಲ್ಲ ಅವಳು ನಾನು ಬರುವ ವಾರಕ್ಕೆ ಎತ್ತಿಟ್ಟಿರುತ್ತಿದ್ದಳು. ಅವಳ ಗಂಡನ ಕೊನೆಯ ಸುದ್ದಿಯನ್ನು ಆಸ್ಪತ್ರೆಯವರು ಹೇಳಿದ್ದೂ ನನ್ನ ಕಿವಿಗೆ — “ಯೆಸ್, ದಿಸ್ ಈಸ್ ಹಿಸ್ ವೈಫ್,” ಎಂದು ನಾನೇ ಕೇಳಿಸಿಕೊಂಡು, ಫೋನಿಟ್ಟು, ಪಕ್ಕದಲ್ಲಿ ನಿಂತವಳ ಕಡೆ ತಿರುಗಿದ್ದೆ. ಇಷ್ಟು ಹತ್ತಿರವಿದ್ದವರನ್ನು ಏನೆಂದು ಕರೆಯುತ್ತಾರೋ ನನಗೆ ಗೊತ್ತಿಲ್ಲ. ನನ್ನವರು ಹೋದರು. ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. ಈ ಲೋಕದಲ್ಲಿ ನನ್ನನ್ನು ‘ಅಕ್ಕ’ ಎನ್ನುವವಳು ಒಬ್ಬಳೇ.

ಆ ಫೆಬ್ರವರಿಯಲ್ಲಿ ಐಸ್ ಬಿದ್ದು ಟೆಕ್ಸಸ್ಸಿನ ಅರ್ಧ ಭಾಗಕ್ಕೆ ಕರೆಂಟ್ ಹೋಗಿತ್ತು. ಫ್ಲೂಗರ್‌ವಿಲ್‌ನಲ್ಲಿ ನಾನು ಎರಡು ಸ್ವೆಟರ್, ಮೂರು ಶಾಲು ಹೊದ್ದು ಕೂತಿದ್ದೆ. ಮರದ ಕೊಂಬೆಗಳು ಪಟಪಟನೆ ಮುರಿದು ಬೀಳುತ್ತಿದ್ದವು. ವಿಮಲಾ ಫೋನ್ ಮಾಡಿದಳು. ಅವಳ ಮನೆಯಲ್ಲಿ ಗ್ಯಾಸ್ ಒಲೆ, ಫೈರ್‌ಪ್ಲೇಸ್ ಎರಡೂ ಇದ್ದವು. ಬೀದಿಯ ನಾಲ್ಕೈದು ಕನ್ನಡದ ಮನೆಯವರು ಅಲ್ಲೇ ಸೇರಿ ಬಿಸಿಬೇಳೆಬಾತ್ ಮಾಡಿ, ಕರೆಂಟ್ ಇಲ್ಲದ ಅಪಾರ್ಟ್‌ಮೆಂಟುಗಳಿಗೆ ಹಂಚುತ್ತಿದ್ದರಂತೆ. ಪಕ್ಕದ ಊರು ಲೂಯಿಸ್‌ವಿಲ್‌ನಲ್ಲಿ ಒಂದು ಬಾಗಿಲು ತಟ್ಟಿದಾಗ ಹಲೀನಾ ಸಿಕ್ಕಳಂತೆ — ಪೈಪ್ ಒಡೆದು ಕಾರ್ಪೆಟ್ಟಿನ ಮೇಲೆ ನೀರು ಗಟ್ಟಿಯಾಗುತ್ತಿತ್ತು, ಅವಳು ಕೋಟು ಬೂಟು ಹಾಕಿಕೊಂಡು ಖಾಲಿ ಬಾತ್‌ಟಬ್ಬಿನಲ್ಲಿ ಕೂತಿದ್ದಳು.

“ಉಕ್ರೇನದಾಕಿ ಅಂತ್ರಿ. ಒಂದ ಇಡೀ ಚಳಿಗಾಲ ನೆಲಮಾಳಿಗಿಯೊಳಗ ಕಳದಾಳ. ಬಿಟ್ಟು ಬರ್ಲಿಕ್ಕೆ ಮನಸಾಗಲಿಲ್ಲ, ಕರಕೊಂಡ ಬಂದೀನಿ,” ಎಂದಳು.

“ಒಳ್ಳೇದು ಮಾಡಿದೆ,” ಎಂದೆ. ಆಗ ಅದು ನಿಜವಾಗಿ ಮನಸ್ಸಿನಿಂದ ಬಂದ ಮಾತು. ಅಷ್ಟನ್ನಾದರೂ ನೀವು ನಂಬಬೇಕು — ಅಥವಾ ಬೇಡ, ಅದರಿಂದ ಏನೂ ಬದಲಾಗುವುದಿಲ್ಲ.

ಮೂರು ವಾರದ ಮೇಲೆ ಬಸ್ಸಿನಲ್ಲಿ ಡ್ಯಾಲಸ್‌ಗೆ ಹೋಗಿ, ಎಂದಿನಂತೆ ಅವಳ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಚ್ಚಿದೆ. ಬಾಗಿಲ ಪಕ್ಕದ ಶೂ ರ‍್ಯಾಕಿನಲ್ಲಿ ಮೇಲಿನ ಅಂತಸ್ತು ವಿಮಲಾಳದು, ಎರಡನೆಯದು ನನ್ನದು. ಯಾರೂ ಹಾಗೆಂದು ಹೇಳಿರಲಿಲ್ಲ. ಅದು ಇದ್ದದ್ದೇ ಹಾಗೆ. ಎರಡನೆಯದರಲ್ಲಿ ಒಂದು ಜೊತೆ ಕಂದು ಬೂಟು ನಿಂತಿತ್ತು. ದಪ್ಪ, ಹಿಮ್ಮಡಿ ಸವೆದದ್ದು, ಒಂದಕ್ಕೆ ಕರಿ ಲೇಸು, ಇನ್ನೊಂದಕ್ಕೆ ಸಣಬಿನ ದಾರ.

“ಆ ಬೂಟಿನ ಕತಿ ಕೇಳ್ರಿ ಲೀಲಕ್ಕ,” ಎಂದು ವಿಮಲಾ ನನ್ನನ್ನು ಕೂರಿಸುವ ಮೊದಲೇ ಶುರು ಮಾಡಿದಳು. ಹಲೀನಾ ನಡೆದು ಗಡಿ ದಾಟುವಾಗ ದಾರಿಯ ಹಳ್ಳಿಗಳ ಜನ ಒಬ್ಬರು ಆಲೂಗಡ್ಡೆ, ಒಬ್ಬರು ಒಲೆಯ ಪಕ್ಕದ ಜಾಗ ಕೊಟ್ಟು ಕಾಪಾಡಿದ್ದರಂತೆ. ಹಿಮದಲ್ಲಿ ಕಾಲು ನೀಲಿಗಟ್ಟಿದಾಗ ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸು ತನ್ನ ಕಾಲಿನಿಂದಲೇ ಬಿಚ್ಚಿ ಕೊಟ್ಟ ಬೂಟು ಅದು. ಅಂದಿನಿಂದ ಹಲೀನಾ ಅದನ್ನು ಹಾಕಿಕೊಂಡೇ ಮಲಗುತ್ತಿದ್ದಳು. ಯಾವ ಗಳಿಗೆಯಲ್ಲಿ ಓಡಬೇಕಾದೀತೋ ಎಂದು. ಇಲ್ಲಿಗೆ ಬಂದ ಮೇಲೂ. ಪ್ಲಂಬರನಿಗೂ ಚಪ್ಪಲಿ ಬಿಚ್ಚಿಸುವ ವಿಮಲಾ ಒಂದು ಮಾತೂ ಆಡದೆ ಹಾಸಿಗೆಯ ಕಾಲುದೆಸೆಗೆ ಹಳೆಯ ಟವೆಲು ಹಾಸಿದ್ದಳಂತೆ. ಹದಿನೇಳನೆಯ ದಿನ ಬೆಳಿಗ್ಗೆ ಹಲೀನಾ ಬರಿಗಾಲಿನಲ್ಲಿ ಎದ್ದು ಬಂದು, ಬೂಟನ್ನು ಎರಡೂ ಕೈಯಲ್ಲಿ ಹಿಡಿದು ತಂದು, ರ‍್ಯಾಕಿನಲ್ಲಿಟ್ಟಳು.

“ನಾನು ಒಲಿ ಹಚ್ಚಿದೆ ನೋಡ್ರಿ. ಇಬ್ಬರೂ ಚಾ ಕುಡದ್ವಿ,” ಎಂದು ವಿಮಲಾ ಕಣ್ಣೊರೆಸಿಕೊಂಡಳು.

ಅಂಥ ಕಥೆಯನ್ನು ಕೇಳಿದವರು ಆ ಬೂಟಿಗೆ ಕೈಮುಗಿಯಬೇಕು. ನನಗೆ — ಹೇಳಿಬಿಡುತ್ತೇನೆ — ನನಗೆ ತೋರಿದ್ದು ಒಂದೇ: ಅದು ನನ್ನ ಜಾಗ.

ಆಮೇಲೆ ಒಂದೊಂದೂ ಎಣಿಸತೊಡಗಿದೆ. ಗೆಸ್ಟ್ ರೂಮಿನಲ್ಲಿ ಅವಳು. ನನಗೆ ಹಾಲ್‌ನ ಸೋಫಾ. ವಿಮಲಾಳ ಅವ್ವ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಹಲೀನಾಳ ಹಾಸಿಗೆಯ ಮೇಲೆ. ನನಗೆ ಇಷ್ಟು ವರ್ಷವೂ ಅಂಗಡಿಯ ಕಂಫರ್ಟರ್. ಜೋಳದ ರೊಟ್ಟಿ ನನ್ನ ಕಟ್ಟಿಸಿದ ಹಲ್ಲಿಗೆ ಆಗುವುದಿಲ್ಲ. ನಾನು ಮೈಸೂರಿನವಳು, ಮೆತ್ತಗಿನ ದೋಸೆಯವಳು. ಹಲೀನಾ ರೊಟ್ಟಿಗೆ ಹಸಿ ಬೆಳ್ಳುಳ್ಳಿ ಉಜ್ಜಿ, ಉಪ್ಪು ಉದುರಿಸಿ ಕಟಕಟ ತಿನ್ನುತ್ತಿದ್ದಳು, ತನ್ನ ಊರಿನ ಕಪ್ಪು ಬ್ರೆಡ್ಡೇ ಸಿಕ್ಕಿದ ಹಾಗೆ. “ನೋಡ್ರಿ, ಹಿಂದಿನ ಜನ್ಮದಾಗ ಈಕಿ ನಮ್ಮ ಹುಬ್ಬಳ್ಳಿಯಾಕಿನs!” ಎಂದು ವಿಮಲಾ ಹಿಗ್ಗುತ್ತಿದ್ದಳು. ನಾನು ಅಡುಗೆಮನೆಗೆ ಬಂದರೆ ಹಲೀನಾ ಎದ್ದು ಕುರ್ಚಿ ಕೊಟ್ಟು, “ಊಟ ಆತೇನ್ರಿ?” ಎನ್ನುತ್ತಿದ್ದಳು. ವಿಮಲಾ ಕಲಿಸಿದ ಕನ್ನಡ. ನನ್ನ ಮನೆಯಲ್ಲಿ ನನ್ನನ್ನೇ ಉಪಚರಿಸುತ್ತಾಳಲ್ಲ ಎನಿಸುತ್ತಿತ್ತು. ನನ್ನ ಮನೆ! ನೋಡಿ, ಎಂಥ ಮಾತು ಬರೆದೆ.

ಇದೆಲ್ಲವನ್ನೂ ಸಹಿಸುತ್ತಿದ್ದೆನೇನೋ. ಒಂದು ಬೆಳಿಗ್ಗೆ ವಿಮಲಾ ಒಳಗಿನಿಂದ ಕೂಗಿದಳು — “ಅಕ್ಕಾ, ಆ ಲಟ್ಟಣಿಗಿ ಕೊಡ್ರಿ.” ಲಟ್ಟಣಿಗೆ ನನ್ನ ಕೈಗೆಟಕುವಷ್ಟು ಹತ್ತಿರವಿತ್ತು. ನಾನು ಎದ್ದೆ. ಅಷ್ಟರಲ್ಲಿ ಹಲೀನಾ ಅದನ್ನೆತ್ತಿ ಅವಳ ಕೈಗೆ ಕೊಟ್ಟಾಗಿತ್ತು. ವಿಮಲಾ ಕರೆದದ್ದು ಅವಳನ್ನು.

ಫೋನು ಬಂದದ್ದು ಆ ದಿನವೇ, ಹನ್ನೊಂದು ಗಂಟೆಗೆ. ಹಲೀನಾಳಂಥವರನ್ನು ನೋಡಿಕೊಳ್ಳುವ ಆಫೀಸಿನಿಂದ. ವಿಮಲಾಳ ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಪಕ್ಕದಲ್ಲಿ ಹಲೀನಾ ರೊಟ್ಟಿ ತಟ್ಟಲು ಹೋಗಿ ಹರಿದುಕೊಂಡು ನಗುತ್ತಿದ್ದಳು. ವಿಮಲಾ ಮೊಣಕೈಯಿಂದ ಫೋನನ್ನು ನನ್ನ ಕಡೆ ತಳ್ಳಿದಳು. “ಲೀಲಕ್ಕ, ನೀವ ಮಾತಾಡ್ರಿ.”

ಅವರ ನಗುವಿನ ಸದ್ದು ಫೋನಿಗೆ ಕೇಳಬಾರದೆಂದು ಲಾಂಡ್ರಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಹುಡುಗಿ ಬಹಳ ವಿನಯದಿಂದ ಕೇಳಿದಳು — ಹಲೀನಾ ನಿಮ್ಮಲ್ಲಿ ಇನ್ನೊಂದು ವರ್ಷ ಇರಬಹುದೇ? ಅವರಿಗೆ ನಿಮ್ಮ ಮನೆ ಬಹಳ ಹಿಡಿಸಿದೆಯಂತೆ. ನಿಮಗೆ ಕಷ್ಟವಾದರೆ ಸಂಕೋಚ ಬೇಡ, ಹ್ಯೂಸ್ಟನ್ನಿನಲ್ಲಿ ಒಂದು ಜಾಗವಿದೆ.

“ಟು ಟೆಲ್ ಯು ದ ಟ್ರೂತ್,” ಎಂದೆ ನಾನು, “ಇಟ್ ಹ್ಯಾಸ್ ಬೀನ್ ರಾದರ್ ಟೂ ಮಚ್ ಫಾರ್ ಮಿ.” ಕಾನ್ವೆಂಟಿನ ಇಂಗ್ಲಿಷ್ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಅದೇ ಉಚ್ಚಾರಣೆಯಲ್ಲಿ, ನನ್ನ ಕೈಲಿ ಇನ್ನು ಆಗುವುದಿಲ್ಲ ಎಂದೆ. ಆಮೇಲೆ ಇನ್ನೊಂದು ವಾಕ್ಯ — ದಯವಿಟ್ಟು ನಾನು ಹೀಗೆ ಹೇಳಿದೆನೆಂದು ಹಲೀನಾಳಿಗೆ ತಿಳಿಸಬೇಡಿ. “ಆಫ್‌ಕೋರ್ಸ್, ಮಿಸೆಸ್ ವಿಮಲಾ,” ಎಂದಳು ಆ ಹುಡುಗಿ.

“ಏನಂತ್ರಿ?” ವಿಮಲಾ ಕೇಳಿದಳು.

“ಏನಿಲ್ಲ, ಸುಮ್ಮನೆ ವಿಚಾರಿಸಿಕೊಂಡರು.”

ನನಗಾಗಿ ಬೇರೆ ಮೆತ್ತಗೆ ಬೇಯಿಸಿದ ರೊಟ್ಟಿಯನ್ನು ಬೆಣ್ಣೆ ಹಾಕಿ ತಟ್ಟೆಯಲ್ಲಿಟ್ಟಳು. ತಿಂದೆ. ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಲ್ಲ, ಸರಾಗವಾಗಿ ಇಳಿಯಿತು.

ಎಂಟು ದಿನಕ್ಕೆ ವ್ಯಾನ್ ಬಂತು. ಹ್ಯೂಸ್ಟನ್ನಿನಲ್ಲಿ ಜಾಗ ಸಿಕ್ಕಿ ಹಲೀನಾ ತಾನಾಗಿಯೇ ಹೊರಟಳೆಂದು ವಿಮಲಾ ತಿಳಿದಳು. ಹಲೀನಾ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಮೇಲಿಟ್ಟಳು. ರ‍್ಯಾಕಿನಿಂದ ಬೂಟನ್ನು ಒಳಗೆ ಒಯ್ದು, ರೂಮಿನಲ್ಲೇ ಹಾಕಿಕೊಂಡು, ಆ ಮನೆಯ ಒಳಗಿನಿಂದ ಬಾಗಿಲ ತನಕ ಬೂಟುಗಾಲಿನಲ್ಲಿ ನಡೆದು ಹೋದಳು. ಜಗಳವಿಲ್ಲ, ಪ್ರಶ್ನೆಯಿಲ್ಲ. ಒಮ್ಮೆ ಹೊರದೂಡಿಸಿಕೊಂಡವರು ಯಾಕೆಂದು ಕೇಳುವುದಿಲ್ಲವೇನೋ. ವಿಮಲಾ ಬಾಗಿಲಲ್ಲೇ ನಿಂತಿದ್ದಳು, ರೊಟ್ಟಿ ಕಟ್ಟಿದ ಡಬ್ಬಿ ಕೈಯಲ್ಲೇ ಉಳಿದಿತ್ತು.

“ನನ್ನದೇನ ತಪ್ಪಾತ್ರಿ ಲೀಲಕ್ಕ? ಒಂದ ಮಾತ ಹೇಳಲಿಲ್ಲಲ್ರಿ.”

ಆಗ ಹೇಳಬಹುದಿತ್ತು. ವ್ಯಾನ್ ಇನ್ನೂ ಬೀದಿಯ ತಿರುವಿನಲ್ಲಿತ್ತು. “ಅವರ ಸ್ವಭಾವವೇ ಹಾಗಿರಬಹುದು ಬಿಡೇ,” ಎಂದೆ. ಇದು ಮೊದಲನೆಯದಕ್ಕಿಂತ ಕೆಟ್ಟ ಸುಳ್ಳು. ಮೊದಲನೆಯದರಲ್ಲಿ ಹಲೀನಾಳ ಸೂರು ಹೋಯಿತು. ಇದರಲ್ಲಿ ಅವಳ ಒಳ್ಳೆಯತನವನ್ನೂ ತೆಗೆದೆ.

ಮುಂದಿನ ತಿಂಗಳು ಹೋದಾಗ ಎರಡನೆಯ ಅಂತಸ್ತು ಖಾಲಿ ಇತ್ತು. ಚಪ್ಪಲಿ ಇಡಲು ಬಗ್ಗಿದೆ. “ಅದು ಇರಲಿ ಬಿಡ್ರಿ,” ಎಂದಳು ವಿಮಲಾ, “ಕೆಳಗ ಇಡ್ರಿ.” ಮೂರು ವರ್ಷವೂ ಅದು ಖಾಲಿಯೇ. ಮೂರು ವರ್ಷವೂ, ಸಾರಿಗೆ ಒಗ್ಗರಣೆ ಹಾಕುತ್ತಲೋ ವಾಕ್ ಮಾಡುತ್ತಲೋ, ಇದ್ದಕ್ಕಿದ್ದಂತೆ ಅದೇ ಪ್ರಶ್ನೆ: “ನನ್ನದೇನ ತಪ್ಪಾತ್ರಿ?” ಹೋದವಳ ಮೇಲೂ ನನಗೆ ಹೊಟ್ಟೆಕಿಚ್ಚು ಆರಲಿಲ್ಲ.

ಕಳೆದ ವಾರ ವಿಮಲಾಳ ಕಣ್ಣಿಗೆ ಕ್ಯಾಟರ‍್ಯಾಕ್ಟ್ ಆಪರೇಶನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮಂಜು, ಹಾಗೆ ಕೂತಿದ್ದಾಗ ಟಪಾಲಿನಲ್ಲಿ ಒಂದು ಕಾರ್ಡು. ಹ್ಯೂಸ್ಟನ್ನಿನಿಂದ. “ಓದ್ರಿ, ಓದ್ರಿ,” ಎಂದು ಮಗುವಿನ ಹಾಗೆ ನನ್ನ ತೋಳು ಹಿಡಿದಳು. ಹಲೀನಾ ಮುರುಕು ಇಂಗ್ಲಿಷಿನಲ್ಲಿ ಬರೆದಿದ್ದಳು: ನಾನು ಚೆನ್ನಾಗಿದ್ದೇನೆ. ಚರ್ಚಿನ ಮಕ್ಕಳಿಗೆ ಪಿಯಾನೋ ಕಲಿಸುತ್ತೇನೆ. ನಿನಗೆ ದಣಿವಾಗಿತ್ತು, ನೀನು ಅವರಿಗೆ ಹಾಗೆ ಹೇಳಿದ್ದು ಅವರಿಂದ ನನಗೆ ತಿಳಿಯಿತು. ನನಗೆ ಸಿಟ್ಟಿಲ್ಲ. ನಾನು ಬೂಟು ಬಿಚ್ಚಿ ಮಲಗಿದ ಮನೆ ಅದೊಂದೇ. ಕೆಳಗೆ ಫೋನ್ ನಂಬರು.

ಗಟ್ಟಿಯಾಗಿ ಓದಿದೆ — ಪಿಯಾನೋ ತನಕ. “ಅಷ್ಟೇನಾ?” ಎಂದಳು ವಿಮಲಾ. “ಅಷ್ಟೇ,” ಎಂದು ಕಾರ್ಡನ್ನು ನನ್ನ ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡು ಫ್ಲೂಗರ್‌ವಿಲ್‌ಗೆ ಬಂದುಬಿಟ್ಟೆ. ಎಪ್ಪತ್ತಾರು ವರ್ಷದ ಹೆಂಗಸು ನಾನು. ಕಾರ್ಡು ಕದ್ದೆ.

ನಿನ್ನೆ ಫೋನ್ ಮಾಡಿದಳು. “ಪಟ್ಟಿ ಬಿಚ್ಚಿದ್ರು. ಆ ಕಾರ್ಡ್ ಎಲ್ಲಿ ಅದರೀ? ನನ್ನ ಕಣ್ಣಿಲೆ ನಾನs ಓದಬೇಕು.” ಕಸಕ್ಕೆ ಹೋಯಿತೇನೋ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು, ತಯಾರಾಗಿ. ಯಾಕೋ — ಧೈರ್ಯ ಎಂದು ಹೇಳಲಾರೆ — “ನನ್ನ ಹತ್ತಿರ ಇದೆ, ನಾಳೆ ತರುತ್ತೇನೆ,” ಎಂದೆ.

ಆದ್ದರಿಂದ ನಾಳೆ ಬೆಳಗಿನ ಬಸ್ಸು. ಎದುರಿಗೆ ನಿಂತರೆ ನನ್ನ ಬಾಯಿ ಮತ್ತೆ ಏನಾದರೂ ಚೆಂದದ ವಾಕ್ಯ ಹುಡುಕೀತು ಎಂಬ ಭಯಕ್ಕೆ ಇದನ್ನು ಬರೆದಿಟ್ಟಿದ್ದೇನೆ. ಮೊದಲು ಕಾರ್ಡು ಕೊಡುತ್ತೇನೆ, ಆಮೇಲೆ ಈ ಹಾಳೆಗಳನ್ನು. ಇದನ್ನು ಇನ್ನೊಬ್ಬರು ಓದಬಹುದೋ ಬೇಡವೋ ಎಂಬುದೂ ಅವಳಿಗೇ ಬಿಟ್ಟದ್ದು. ನಿಮ್ಮ ಕೈಗೆ ಇದು ಬಂದಿದ್ದರೆ ಅವಳು ಹೂಂ ಎಂದಿದ್ದಾಳೆ ಎಂದರ್ಥ, ಕ್ಷಮಿಸಿದ್ದಾಳೆ ಎಂದಲ್ಲ.

ಚಪ್ಪಲಿಯನ್ನು ಹೊರಗೆ ಮೆಟ್ಟಿಲ ಮೇಲೇ ಬಿಡುತ್ತೇನೆ. ಬಾಗಿಲು ತೆಗೆಯುವಾಗ ಅವಳು ‘ಲೀಲಕ್ಕ’ ಎನ್ನುತ್ತಾಳೆ. ಹೊರಡುವಾಗ ಏನೆನ್ನುತ್ತಾಳೋ — ಏನೂ ಅನ್ನದಿದ್ದರೂ ಸರಿ. ಅವಳು ಓದಿ ಮುಗಿಸಿದ ಮೇಲೆ ಹ್ಯೂಸ್ಟನ್ನಿನ ಆ ನಂಬರು ಒತ್ತುತ್ತೇನೆ. ಹಲೀನಾ ಎತ್ತಿದರೆ ನನ್ನ ಹೆಸರು ಹೇಳಿ, ನಾನು ಮಾಡಿದ್ದನ್ನು ಹೇಳುತ್ತೇನೆ. ಆಮೇಲೆ ಫೋನನ್ನು ವಿಮಲಾಳ ಕೈಗೆ ಕೊಟ್ಟು, ಲಾಂಡ್ರಿ ರೂಮಿಗೆ ಹೋಗಿ ನಿಲ್ಲುತ್ತೇನೆ. ಅವಳ ಇಂಗ್ಲಿಷ್ ಸಾಕು. ಯಾವತ್ತೂ ಸಾಕಾಗಿತ್ತು.