ಹಲ್ಲು ಮಾಡುವ ಕಾಕಾ

ನಮ್ಮ ಓಣಿಯ ಕಾಕಾ ಹಲ್ಲಿನ ಸೆಟ್ಟು ಮಾಡುತ್ತಿದ್ದರು. ಗುಲಾಬಿ ಪುಡಿಯನ್ನು ಘಾಟು ದ್ರಾವಣದಲ್ಲಿ ಕಲಸಿ, ಕಿರುಬೆರಳಿನಿಂದ ಎಳೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. "ಇನ್ನೂ ಕೈ ಹಿಡದಿಲ್ಲ," ಅನ್ನುತ್ತಿದ್ದರು.

ಆ ದ್ರಾವಣವೇ ಮಾನೋಮರ್, ಜೊತೆಗಾಗಿ ಕಾಯುವ ಒಂಟಿ ಅಣುಗಳು, ಕಾವು ಸಿಕ್ಕರೆ ಸರಪಳಿಯಾಗಿ ಗಟ್ಟಿಯಾಗುತ್ತವೆ ಅಂತ ನಾನು ಮೊಬೈಲ್ ನೋಡಿ ಕಲಿತು, ಓಡಿಹೋಗಿ ಹೇಳಿದೆ. ಕಾಕಾ ನಕ್ಕರು. "ಹಂಗಾರ ನಾ ಲಗ್ನಾ ಮಾಡಸಾಂವ ಅನ್ನಲೇ."

ಒಂದು ದಿನ ಸೊರಟೂರಿನಿಂದ ಶಹನಾಯಿ ನುಡಿಸುವ ಅಜ್ಜ ಬಂದರು. ಹಲ್ಲು ಹೋದಮೇಲೆ ಅವರ ತುಟಿಯಲ್ಲಿ ಸ್ವರ ನಿಲ್ಲುತ್ತಿರಲಿಲ್ಲ.

"ಜಲ್ದಿ ಕುದಸ್ರಿ. ಸಂಜಿಗೆ ಮೊಮ್ಮಗಳ ಅರಿಶಿಣ, ನಾನ ಊದಬೇಕು."

"ಜಲ್ದಿ ಕುದಿಸಿದ್ರ ಒಳಗ ಗುಳ್ಳಿ ಏಳ್ತಾವ, ನಾಳೆ ಮುರೀತೈತಿ. ಕುಂಡ್ರಿ ಅಜ್ಜಾರ."

ಸಣ್ಣ ಉರಿಯ ಮೇಲೆ ನೀರಿನಲ್ಲಿ, ಕಲಸಿದ್ದನ್ನು ತುಂಬಿದ ಹಲ್ಲಿನ ಅಚ್ಚು ಕೂತಿತ್ತು, ಅದರ ಮುಂದೆ ನಾವು. ಮಧ್ಯಾಹ್ನ ಮೆಲ್ಲಗೆ ಕರಗಿತು. ಅಣುಗಳು ಕೈ ಚಾಚುವುದು ಕಣ್ಣು ಮುಚ್ಚಿದರೂ ನನಗೆ ಕಾಣುತ್ತಿತ್ತು.

ಸೆಟ್ಟು ಬಾಯಲ್ಲಿ ಕೂರುವಷ್ಟರಲ್ಲಿ ಅಜ್ಜನ ಊರಲ್ಲಿ ಅರಿಶಿಣ ಶುರುವಾಗಿತ್ತು. ಅಜ್ಜ ಮೊಮ್ಮಗಳಿಗೆ ಫೋನು ಹಚ್ಚಿ, ಅದನ್ನು ಕಟ್ಟೆಯ ಮೇಲಿಟ್ಟು ಶಹನಾಯಿ ಊದಿದರು. ಮೊದಲು ಬರೀ ಗಾಳಿ. ಆಮೇಲೆ ಒಂದು ಸ್ವರ ನಡುಗಿ, ನೆಟ್ಟಗೆ ನಿಂತಿತು. ಫೋನಿನ ಆಚೆಯ ಗದ್ದಲ ಅಡಗಿತು.

ಕಾಕಾ ಬರಿಯ ಕಿರುಬೆರಳನ್ನು ಬೆಳಕಿಗೆ ಹಿಡಿದಿದ್ದರು. "ಈಗ ಕೈ ಹಿಡೀತು," ಅಂದರು.