ಪಂಪು ಮಾತ್ರೆಯಲ್ಲ

ಅನುಗೊಂಡನಹಳ್ಳಿಯ ಅಮ್ಮಯಮ್ಮ ಎರಡು ಹಸು ಕಟ್ಟಿಕೊಂಡು ಬದುಕಿದ ಹೆಂಗಸು. ಹುಲ್ಲಿನ ಧೂಳಿಗೆ ಉಬ್ಬಸ ಹಿಡಿದು ಹತ್ತು ವರ್ಷವಾಯಿತು. ಹೊಸಕೋಟೆಯ ನನ್ನ ಔಷಧಿ ಅಂಗಡಿಗೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಸಂಜೆ ಬಾಯಿಂದ ಉಸಿರಿನ ಜೊತೆ ಎಳೆದುಕೊಳ್ಳುವ ಸ್ಟೀರಾಯ್ಡ್ ಪಂಪು ಒಯ್ಯುತ್ತಿದ್ದರು.

ಹೋದ ವರ್ಷ ಕರುವಿನ ಮೈಮೇಲಿದ್ದ ಹುಳುಕಡ್ಡಿ ಅವರ ಸೊಂಟಕ್ಕೂ ಹತ್ತಿತು. ಚರ್ಮದ ಡಾಕ್ಟರು, "ಬೇರೆ ಮಾತ್ರೆ ಏನಾದ್ರೂ ತಗೋತಿದ್ದೀರಾಮ್ಮಾ?" ಎಂದು ಕೇಳಿದರಂತೆ. "ಒಂದೂ ಇಲ್ಲ ಸಾ" ಎಂದರಂತೆ ಇವರು. ಸುಳ್ಳೇನಲ್ಲ. ನಮ್ಮ ಕಡೆ ನುಂಗುವುದು ಮಾತ್ರೆ, ಎಳೆಯುವುದು ಪಂಪು. ಡಾಕ್ಟರು ಹದಿನೈದು ದಿನಕ್ಕೆ ಇಟ್ರಕೊನಜೋಲ್ ಕ್ಯಾಪ್ಸೂಲ್ ಬರೆದರು. ಕಡಿತ ಹೋಗಲಿಲ್ಲ. ಅದೇ ಹಳೇ ಚೀಟಿ ತೋರಿಸಿ ನಾಲ್ಕು ತಿಂಗಳು ಒಯ್ದರು. ಕೊಟ್ಟವನು ನಾನು, ಪಂಪನ್ನೂ ಕ್ಯಾಪ್ಸೂಲನ್ನೂ ಒಂದೇ ಕವರಿಗೆ ಹಾಕಿ. ಓದಿದ ಸರ್ಟಿಫಿಕೇಟು ಗೋಡೆ ಮೇಲೆ ಸುಮ್ಮನೆ ನೇತಾಡುತ್ತಿತ್ತು.

ಅವರ ಮುಖ ದುಂಡಗಾಯಿತು. "ಮೈಕೈ ತುಂಬ್ಕೊಂಡಿದ್ದೀಯ ಕಣಮ್ಮಿ" ಎಂದು ಊರೆಲ್ಲ ಹೊಗಳಿತು. ನಾನೂ ಹಲ್ಲು ಕಿರಿದೆ. ಆದರೆ ಕಾಲು ಸೊರಗುತ್ತಾ ಬಂದವು. ಹಾಲು ಕರೆಯಲು ಕುಕ್ಕರುಗಾಲಲ್ಲಿ ಕೂತರೆ, ಗೂಟ ಹಿಡಿಯದೆ ಏಳಲಾಗುತ್ತಿರಲಿಲ್ಲ. ಹಸು ಮಾರಿಬಿಡೋಣ ಎಂದು ಮಗ ಕೆಂಪರಾಜ್ ಹಟ ಹಿಡಿದ.

"ಅವನ್ನ ಮಾರ್ಬಿಟ್ಟು ನಾನೇನ್ ಮಾಡ್ಲಪ್ಪ? ಗೋಡೆ ನೋಡ್ಕೊಂಡ್ ಕೂತ್ಕೊಳ್ಳಾ?" ಎಂದು ನನ್ನೆದುರು ಕಣ್ಣಲ್ಲಿ ನೀರು ಹಾಕಿಕೊಂಡರು. ಆಗಲೂ ನನಗೆ ಹೊಳೆಯಲಿಲ್ಲ. ಶಕ್ತಿಗೆಂದು ಟಾನಿಕ್ ಕೊಟ್ಟು ಕಳಿಸಿದೆ.

ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರೊಬ್ಬರು ಅವರ ಕೈಚೀಲವನ್ನೇ ಮೇಜಿನ ಮೇಲೆ ಸುರಿದರು. ಪಂಪಿನ ಸ್ಟೀರಾಯ್ಡನ್ನು ಮೈ ಕರಗಿಸಿ ಹೊರಹಾಕದಂತೆ ಕ್ಯಾಪ್ಸೂಲ್ ತಡೆದಿತ್ತು. ಅದು ಒಳಗೇ ಸೇರಿ ಸೇರಿ ಮುಖ ಊದಿತ್ತು, ಕಾಲಿನ ಬಲ ಹೋಗಿತ್ತು. ಮೈ ತನಗೆ ಬೇಕಾದ ಸ್ಟೀರಾಯ್ಡ್ ತಾನೇ ಮಾಡಿಕೊಳ್ಳುವುದನ್ನೂ ಬಿಟ್ಟುಬಿಟ್ಟಿತ್ತು. ಕ್ಯಾಪ್ಸೂಲ್ ನಿಲ್ಲಿಸಿ, ಸದ್ಯಕ್ಕೆ ಸ್ಟೀರಾಯ್ಡ್ ಮಾತ್ರೆ ನುಂಗಿ ಮೆಲ್ಲಗೆ ಕಮ್ಮಿ ಮಾಡಬೇಕು, ಸರಿಹೋಗಲು ವರ್ಷವಾಗಬಹುದು ಎಂದರಂತೆ.

ಆ ಚೀಟಿ ಹಿಡಿದು ಅಮ್ಮಯಮ್ಮ ಮತ್ತೆ ನನ್ನ ಅಂಗಡಿಗೇ ಬಂದರು. ಓದಿ ನಾಚಿಕೆಯಿಂದ ಕುಗ್ಗಿಹೋದೆ.

"ತಪ್ಪು ನಂದಮ್ಮಾ. ಎರಡೂ ಒಟ್ಟಿಗೆ ಕೊಟ್ಟಿದ್ದು ನಾನೇ."

"ಎರಡೂ ಸೇರ್ಬಾರ್ದು ಅಂತ ನಿಂಗ್ ಗೊತ್ತಿತ್ತಾ?"

"ಓದಿದ್ದೆ. ಕೊಡೋವಾಗ ನೋಡ್ಲಿಲ್ಲ."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಎರ್ಡ್ ಹಸೂನೂ ಭಾನ್ವಾರ ಕೊಂಡೋರು ಹೊಡ್ಕೊಂಡೋದ್ರು ಕಣಪ್ಪ" ಎಂದಷ್ಟೇ ಹೇಳಿ, ಮಾತ್ರೆಗೆ ಕೈ ಚಾಚಿದರು.