ಬಿಸಿ ಪಾನಕ

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಬಾಗಲಗುಂಟೆಯ ನಮ್ಮ ಬೀದಿಗೆ ವಾಂತಿಭೇದಿ ಕಾಲಿಟ್ಟಿತ್ತು. ಇಬ್ಬರು ಮಕ್ಕಳು ಆಗಲೇ ಆಸ್ಪತ್ರೆ ಸೇರಿದ್ದರು. ನನ್ನ ಮಗಳಿಗೆ ಎರಡೂವರೆ ವರ್ಷ. ಆಗಷ್ಟೇ ದಡಾರದಿಂದ ಎದ್ದು ಕಡ್ಡಿಯಂತಾಗಿದ್ದಳು. ಇನ್ನೊಂದು ಕಾಯಿಲೆ ಬಂದರೆ ತಡೆಯುವುದಿಲ್ಲ ಎಂದು ಡಾಕ್ಟರು ಮುಖ ನೋಡದೆ ಹೇಳಿಬಿಟ್ಟಿದ್ದರು.

ಅಂಥದರಲ್ಲಿ ರಾಮನವಮಿ ಬಂತು. ನಮ್ಮ ಮನೆಯ ಓನರ್ ಅಜ್ಜಿ ಆ ಊರಿನ ಮೂಲದವರು, ಪ್ರತಿ ವರ್ಷ ಬೀದಿಗೆಲ್ಲ ಪಾನಕ, ಕೋಸಂಬರಿ ಹಂಚಿಸುತ್ತಿದ್ದರು. ಉಸ್ತುವಾರಿ ನನ್ನದು. ವರ್ಷವಿಡೀ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಲ್ಲುವವನಿಗೆ ಅದೊಂದು ದಿನ ಬೀದಿಯ ಯಜಮಾನಿಕೆ.

ಆರೋಗ್ಯ ಕೇಂದ್ರದ ಸಿಸ್ಟರ್ ಹಿಂದಿನ ದಿನವೇ ಬಂದು ಕಟ್ಟಪ್ಪಣೆ ಮಾಡಿದರು. ಕೋಸಂಬರಿ ಬೇಡ, ಗುಂಪು ಸೇರಿಸಬೇಡಿ, ಲೋಟ ಅವರವರ ಮನೆಯಿಂದಲೇ ತರಲಿ, ನೀರು ಕುದಿಸಿಯೇ ಪಾನಕ ಮಾಡಿ. ಗೊಣಗುತ್ತಲೇ ಒಪ್ಪಿಕೊಂಡೆ. ಬೆಳಿಗ್ಗೆ ಎದ್ದು ಒಂದು ಕೊಳಗ ನೀರನ್ನು ಮಳಮಳ ಕುದಿಸಿ ಬೆಲ್ಲ ಕರಗಿಸಿದೆ. ಆದರೆ ಹತ್ತು ಗಂಟೆಯಾದರೂ ಅದು ಆರಲೇ ಇಲ್ಲ. ಆ ಬಿಸಿಲಲ್ಲಿ ಬಿಸಿ ಪಾನಕ ಹಂಚಿದರೆ ಮರ್ಯಾದೆ ಏನಾಗಬೇಕು? ಸೈಕಲ್ ಹತ್ತಿ ತುಮಕೂರು ರಸ್ತೆಗೆ ಹೋಗಿ, ಗೋಣಿಚೀಲದಲ್ಲಿ ಐಸ್ ಗಡ್ಡೆ ಸುತ್ತಿ ತಂದು ಕೊಳಗಕ್ಕೆ ಹಾಕಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮೊದಲ ಲೋಟ ಮಗಳಿಗೆ ಕೊಟ್ಟೆ. ಅವಳು ಅದನ್ನು ತುಟಿಯವರೆಗೆ ತಂದಿದ್ದಳು. ಆಗಷ್ಟೇ ಗೇಟಿನೊಳಗೆ ಬಂದ ಸಿಸ್ಟರ್ ಕೊಳಗದಲ್ಲಿ ತೇಲುವ ಐಸ್ ಕಂಡವರೇ ಲೋಟ ಕಿತ್ತುಕೊಂಡರು.

"ಐಸ್ ಯಾವ ನೀರಲ್ಲಿ ಮಾಡಿದ್ದು ಅಣ್ಣ? ಕುದಿಸಿದ್ದಾ?"

ಅವರು ಕೊಳಗವನ್ನು ವಾಲಿಸಿ ಅಷ್ಟನ್ನೂ ಚರಂಡಿಗೆ ಸುರಿದರು. ಮಗಳು ಕಿಟಾರನೆ ಕಿರುಚಿದಳು. ನಾನು ಅವಳಿಗಿಂತ ಜೋರಾಗಿ ಕಿರುಚಿದೆ.

"ರೀ, ದೇವ್ರ ಪ್ರಸಾದ ಕಣ್ರೀ ಅದು! ತಲೆ ನೆಟ್ಟಗಿದ್ಯಾ ನಿಮ್ಗೆ?"

ಇನ್ನೂ ಏನೇನೋ ಅಂದೆ. ಅದನ್ನೆಲ್ಲ ಬರೆಯಲು ನಾಚಿಕೆಯಾಗುತ್ತದೆ. ಕೊನೆಗೆ ಅಜ್ಜಿಯೇ ಗದರಿದರು.

"ಸುಮ್ಕಿರಪ್ಪ. ಆವಮ್ಮ ಏಳ್ದಂಗೆ ಮಾಡು. ರಾಮ ಏನು ತಣ್ಣಗೇ ಬೇಕು ಅಂತ ಕೇಳವ್ನಾ?"

ಮತ್ತೆ ನೀರು ಕುದಿಸಿದೆ. ಸಿಸ್ಟರ್ ಅಲ್ಲೇ ನಿಂತು ಬೆಲ್ಲ, ಏಲಕ್ಕಿ, ಮೆಣಸು ಹಾಕಿಸಿದರು. ಸುಡುಬಿಸಿಲಲ್ಲಿ ಇಡೀ ಬೀದಿ ಉಫ್ ಉಫ್ ಎಂದು ಊದಿಕೊಂಡು ಪಾನಕ ಕುಡಿಯಿತು.

ಹಿಂದಿನ ಬೀದಿಯವರು ಅದೇ ತುಮಕೂರು ರಸ್ತೆಯ ಐಸ್ ಹಾಕಿ ಮಜ್ಜಿಗೆ ಹಂಚಿದ್ದರು. ಮೂರನೇ ದಿನಕ್ಕೆ ಅಲ್ಲಿ ಮನೆಗೊಬ್ಬರಂತೆ ಹಾಸಿಗೆ ಹಿಡಿದರು. ಸುದ್ದಿ ಕೇಳಿ ಆರೋಗ್ಯ ಕೇಂದ್ರಕ್ಕೆ ಓಡಿ, ಕ್ಷಮೆ ಕೇಳಲು ಬಾಗಿಲಲ್ಲಿ ನಿಂತೆ. ಸಿಸ್ಟರ್ ತಲೆಯೆತ್ತಿ ನೋಡಿ, "ಮಗು ಹೆಂಗಿದ್ದಾಳೆ ಅಣ್ಣ?" ಅಂದರು.

ಆ ತಾಯಿಯ ಋಣ ನನ್ನ ಮೇಲೆ ಹಾಗೇ ಇದೆ. ನಮ್ಮ ಮನೆಯಲ್ಲಿ ಇಂದಿಗೂ ರಾಮನವಮಿಗೆ ಬಿಸಿ ಪಾನಕವೇ. ಬಂದವರು ನಗುತ್ತಾರೆ. ನಗಲಿ ಬಿಡಿ, ಊದಿಕೊಂಡು ಕುಡಿಯಲು ನನ್ನ ಮಗಳಿದ್ದಾಳೆ.